ಒಂದು ಗೇಣು ಗೋಡೆ

ಆ ಭಾನುವಾರ ಬೆಳಿಗ್ಗೆ ಬೀದಿಯ ತುಂಬ ಮಂಜು ಕವಿದಿತ್ತು. ಎದುರು ಮನೆ ಇರಬೇಕಾದ ಜಾಗದಲ್ಲಿ ಏನೂ ಕಾಣುತ್ತಿರಲಿಲ್ಲ. ಕರೆಂಟ್ ಕಂಬ ಅರ್ಧದವರೆಗೆ ಇತ್ತು, ಅದರ ಮೇಲಿನದನ್ನು ಯಾರೋ ರಬ್ಬರ್ ಹಾಕಿ ಅಳಿಸಿದ ಹಾಗಿತ್ತು.

ಬುಗುರಿ ತನ್ನ ಕೋಣೆಯ ಕಿಟಕಿ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಬೇಡಿಕೊಂಡಳು.

"ದೇವರೇ, ಇವತ್ತೊಂದಿನ ಬಿಸಿಲು ಬರೋದು ಬೇಡ. ಮಧ್ಯಾಹ್ನದವರೆಗೆ ಸಾಕು."

"ಯಾರ ಹತ್ರ ಮಾತಾಡ್ತಿದೀಯಾ?" ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಯಾರ ಹತ್ರಾನೂ ಇಲ್ಲ."

"ಸರಿ. ಆ ಯಾರೂ ಅಲ್ಲದವರಿಗೆ ಆಮೇಲೆ ಬರ್ತೀನಿ ಅಂತ ಹೇಳಿ ಹಾಸಿಗೆ ಮಡಿಸು. ಮನೆ ನೋಡೋಕೆ ಬರ್ತಾರೆ."

ಅವಳು ಬೇಡಿಕೊಂಡಿದ್ದೂ ಅದಕ್ಕೇ. ಬಿಸಿಲು ಬಿದ್ದರೆ ಈ ಕೋಣೆ ಯಾರಿಗಾದರೂ ಹಿಡಿಸಿಬಿಡುತ್ತಿತ್ತು. ನಿಂತಲ್ಲಿ ನಿಲ್ಲದ ಹುಡುಗಿ ಎಂದು ಅಪ್ಪ ಇಟ್ಟ ಹೆಸರು ಬುಗುರಿ. ಈಗ ಸ್ಕೂಲಿನಲ್ಲೂ ಅದೇ ಹೆಸರು. ಆದರೆ ಎಷ್ಟು ಸುತ್ತಿದರೂ ಅವಳು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಈ ಕಿಟಕಿಯ ಹತ್ತಿರವೇ. ಎದುರು ಮನೆಯ ಕಿಟಕಿಯಲ್ಲಿ ಅವಳ ಗೆಳತಿ ಇದ್ದಳು. ಕಡ್ಡಿಯಂಥ ಮೈ, ದುಂಡನೆಯ ತಲೆ. ಅವಳನ್ನು ಎಲ್ಲರೂ ಗುಂಡುಪಿನ್ನು ಎನ್ನುತ್ತಿದ್ದರು. ಇಬ್ಬರ ನಡುವೆ ಟವೆಲ್ ಭಾಷೆ ನಡೆಯುತ್ತಿತ್ತು. ಕಿಟಕಿಯಲ್ಲಿ ಕೆಂಪು ಟವೆಲ್ ನೇತುಹಾಕಿದರೆ ಆಟಕ್ಕೆ ಬಾ ಎಂದು. ಬಿಳಿ ಟವೆಲ್ ಆದರೆ ಹೋಂವರ್ಕ್ ಮುಗಿದಿಲ್ಲ ಎಂದು. ಎರಡೂ ಒಟ್ಟಿಗೆ ಇದ್ದರೆ, ಹೋಂವರ್ಕ್ ಮುಗಿದಿಲ್ಲ, ಆದರೂ ಬಾ.

ಮನೆ ಅವರದಲ್ಲ, ಬಾಡಿಗೆಯದು. ಯಜಮಾನರು ಬೇರೆ ಊರಿನಲ್ಲಿದ್ದರು. ವಯಸ್ಸಾಯಿತು, ಅಷ್ಟು ದೂರದಿಂದ ನೋಡಿಕೊಳ್ಳೋಕೆ ಆಗುವುದಿಲ್ಲ, ಮಾರಿಬಿಡುತ್ತೇನೆ ಎಂದು ಫೋನ್ ಮಾಡಿ ಹೇಳಿದ್ದರು. ಒಳ್ಳೆಯ ಮನುಷ್ಯರು. ಮಾರಾಟ ಆಗುವವರೆಗೆ ನೀವು ಆರಾಮಾಗಿ ಇರಿ, ಅವಸರವಿಲ್ಲ ಎಂದೂ ಹೇಳಿದ್ದರು.

ಅಪ್ಪ ಟೌನ್ ಬಸ್ಸಿನ ಡ್ರೈವರ್. ಬಸ್ ಡಿಪೋ ಊರಿನ ಆ ಕೊನೆಗಿತ್ತು. ಅಲ್ಲೇ ಹತ್ತಿರ ಒಂದು ಮನೆ ನೋಡಿ ಬಂದಿದ್ದೂ ಆಯಿತು. ಅಮ್ಮನಿಗೆ ಅಲ್ಲಿಯ ಅಡುಗೆಮನೆ ಮೆಚ್ಚಿಗೆಯಾಗಿತ್ತು. ಬುಗುರಿ ಮಾತ್ರ ಯಜಮಾನರ ಮಾತಿನಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮಾರಾಟ ಆಗುವವರೆಗೆ ಇರಬಹುದು. ಹಾಗಾದರೆ ಮಾರಾಟವೇ ಆಗದಿದ್ದರೆ?

ಮನೆ ತೋರಿಸಲು ಬರುತ್ತಿದ್ದವರು ಏಜೆಂಟ್ ಅತ್ತೆ. ಅವರು ಯಾರಿಗೂ ಅತ್ತೆಯಲ್ಲ, ಆದರೆ ಊರಿಗೆಲ್ಲ ಅತ್ತೆ. ತಲೆ ಅರ್ಧ ಬೆಳ್ಳಗಾಗಿತ್ತು. ಹೆಗಲಿಗೆ ಒಂದು ದೊಡ್ಡ ಬ್ಯಾಗು, ಕಾಲಿಗೆ ಓಟದ ಹುಡುಗರು ಹಾಕುವಂಥ ಬೂಟು. ಮನೆ ಕೊಳ್ಳುವವರನ್ನು ಕರೆದುಕೊಂಡು ಬಂದರೆ ಅವರು ಮಾಡುತ್ತಿದ್ದ ಮೊದಲ ಕೆಲಸ, ಮನೆಯ ತಪ್ಪುಗಳನ್ನೆಲ್ಲ ಹೇಳಿಬಿಡುವುದು.

ಇದು ಬುಗುರಿಗೆ ದೊಡ್ಡ ತಲೆನೋವಾಗಿತ್ತು. ಮೊದಲ ಸಲ ಯಾರೋ ಮನೆ ನೋಡಲು ಬಂದಾಗ ಅವಳು ತಪ್ಪುಗಳನ್ನೆಲ್ಲ ಮನಸ್ಸಿನಲ್ಲೇ ಬಾಯಿಪಾಠ ಮಾಡಿಟ್ಟುಕೊಂಡು ಕಾದಿದ್ದಳು. ಅಡುಗೆಮನೆಯ ನಲ್ಲಿ, ಬಚ್ಚಲಿನ ಬಾಗಿಲು, ಮೆಟ್ಟಿಲು. ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದ್ದರು. ಅಡುಗೆಮನೆಯ ನಲ್ಲಿ ಎರಡು ಸಲ ಕೆಮ್ಮಿದ ಮೇಲೇ ನೀರು ಬಿಡುವುದು, ಬಚ್ಚಲಿನ ಬಾಗಿಲು ಉಬ್ಬಿಕೊಂಡಿದೆ, ಮೆಟ್ಟಿಲು ಇಕ್ಕಟ್ಟು, ಮಧ್ಯದ ಕೋಣೆ ಹಗಲಲ್ಲೂ ಕತ್ತಲು. ಅವರು ಮುಗಿಸಿದಾಗ ಬುಗುರಿಗೆ ಹೇಳಲು ಏನೂ ಉಳಿದಿರಲಿಲ್ಲ.

ಆವತ್ತು ಬಂದವರಿಗೆ ಮೆಟ್ಟಿಲು ಸರಿಬರಲಿಲ್ಲ. ಅವರು ಹೋದ ಮೇಲೆ ಬುಗುರಿ ಮೆಟ್ಟಿಲಿನ ಮೇಲೆ ಕೂತು ಅದನ್ನು ಒಂದು ಸಲ ಸವರಿದ್ದಳು.

ಇವತ್ತು ಬಂದವರು ಗಂಡ ಹೆಂಡತಿ. ಇಬ್ಬರೂ ಟೈಲರ್. ಗಂಡ ಉದ್ದಕ್ಕಿದ್ದರು, ಮಾತು ಕಡಿಮೆ. ಭಾನುವಾರವಾದರೂ ಅಭ್ಯಾಸಬಲದಿಂದ ಬಟ್ಟೆ ಅಳೆಯುವ ಟೇಪು ಕೊರಳಲ್ಲೇ ಇತ್ತು. ಹೆಂಡತಿ ಕುಳ್ಳಗೆ, ಸದಾ ಏನನ್ನೋ ಹುಡುಕುತ್ತಿರುವ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಅತ್ತೆ ಬಾಗಿಲಲ್ಲೇ ನಲ್ಲಿಯ ಕೆಮ್ಮಿನಿಂದ ಹಿಡಿದು ಕತ್ತಲೆ ಕೋಣೆಯವರೆಗೆ ಎಲ್ಲ ಒಪ್ಪಿಸಿದರು. ನಮ್ಮ ಅಂಗಡಿಗಿಂತ ಕತ್ತಲೇನಲ್ಲ ಬಿಡಿ ಎಂದು ಗಂಡ ಹೇಳಿದರು. ಅವರ ಅಂಗಡಿ ಒಂದು ಕಟ್ಟಡದ ಹಿಂಭಾಗದಲ್ಲಿತ್ತಂತೆ. ಕಿಟಕಿಯೇ ಇಲ್ಲವಂತೆ. ಬೆಳಿಗ್ಗೆ ಹಾಕಿದ ಟ್ಯೂಬ್‌ಲೈಟ್ ರಾತ್ರಿ ಬಾಗಿಲು ಹಾಕುವಾಗಲೇ ಆರಿಸುವುದಂತೆ. ಅದಕ್ಕೇ ಮನೆಯೂ ಕೆಲಸವೂ ಒಂದೇ ಕಡೆ ಆಗುವಂಥ, ಬೆಳಕಿರುವ ಜಾಗ ಹುಡುಕುತ್ತಿದ್ದರು. ಎಷ್ಟು ಮನೆ ನೋಡಿದರೋ ಅವರಿಗೇ ಲೆಕ್ಕ ತಪ್ಪಿತ್ತು.

ಎಲ್ಲರೂ ಬುಗುರಿಯ ಕೋಣೆಗೆ ಬಂದರು. ಸರಿಯಾಗಿ ಆಗಲೇ ಮಂಜು ಕರಗತೊಡಗಿತು. ಮೊದಲು ಎದುರು ಮನೆಯ ಕಿಟಕಿ ಬಂತು, ಆಮೇಲೆ ಅದರ ಗೋಡೆ, ಆಮೇಲೆ ಕಂಬದ ತುದಿ. ನೋಡನೋಡುತ್ತಿದ್ದ ಹಾಗೆ ಬಿಸಿಲು ಕಿಟಕಿಯಿಂದ ಒಳಗಿಳಿದು ನೆಲದ ಮೇಲೆ ಚಾಪೆಯ ಹಾಗೆ ಹಾಸಿಕೊಂಡಿತು. ದೇವರು ಬುಗುರಿಯ ಮಾತು ಕೇಳಿಸಿಕೊಳ್ಳಲಿಲ್ಲವೋ, ಅವಳಿಗಿಂತ ಮೊದಲು ಬೇರೆ ಯಾರೋ ಕೇಳಿಕೊಂಡಿದ್ದರೋ, ಯಾರಿಗೆ ಗೊತ್ತು.

ಟೈಲರ್ ಹೆಂಡತಿ ಆ ಬಿಸಿಲನ್ನು ನೋಡುತ್ತ ನಿಂತುಬಿಟ್ಟರು.

"ಇಲ್ಲಿ ಮೇಜು ಹಿಡಿಸಿದ್ರೆ ಸಾಕು," ಎಂದರು. "ಬೇರೇನೂ ಬೇಡ."

ಮೇಜು ಅವರ ತಂದೆಯದು. ಬಟ್ಟೆ ಕತ್ತರಿಸುವ ಮೇಜು, ಎಂಟು ಅಡಿ ಉದ್ದ, ಒಂದೇ ಹಲಗೆ, ನಡುವೆ ಜೋಡಣೆಯಿಲ್ಲ. ಮಡಿಸಲಾಗದು, ಬಿಚ್ಚಲಾಗದು. ಅದನ್ನು ಕಿಟಕಿಯ ಕೆಳಗೆ, ಗೋಡೆಗೆ ಒತ್ತಿ ಹಾಕಬೇಕು. ಬೇರೆ ಗೋಡೆಗಳಲ್ಲಿ ಒಂದಕ್ಕೆ ಬಾಗಿಲಿತ್ತು, ಇನ್ನೊಂದಕ್ಕೆ ಕಪಾಟಿತ್ತು, ಮತ್ತೊಂದರ ತನಕ ಬಿಸಿಲು ಹೋಗುತ್ತಿರಲಿಲ್ಲ.

ಗಂಡ ಕೊರಳಿನ ಟೇಪು ತೆಗೆದರು. ಅತ್ತೆ ನಕ್ಕರು.

"ಅದರಲ್ಲಿ ಅಳೆದ್ರೆ ಗೋಡೆಗೆ ಕಾಲರ್ ಹಚ್ಚಬೇಕಾಗುತ್ತೆ. ತಡೀರಿ, ನನ್ನ ಹತ್ರ ಇದೆ." ಬ್ಯಾಗಿನಿಂದ ಕಬ್ಬಿಣದ ದೊಡ್ಡ ಟೇಪು ತೆಗೆದು ಬುಗುರಿಯ ಕಡೆ ತಿರುಗಿದರು. "ಪುಟ್ಟಿ, ಮಂಚದ ಹಿಂದೆ ನಾನು ನುಗ್ಗಿದ್ರೆ ಅಲ್ಲೇ ಉಳಿದುಬಿಡ್ತೀನಿ. ಈ ತುದಿ ತಗೊಂಡು ಹೋಗಿ ಮೂಲೆ ಗೋಡೆಗೆ ಹಿಡ್ಕೊ."

ಬುಗುರಿ ಟೇಪಿನ ತುದಿ ಹಿಡಿದು ಮಂಚದ ಹಿಂದೆ ನುಸುಳಿದಳು. ಮೂಲೆಯಲ್ಲಿ ಅವಳ ಸ್ಕೂಲ್ ಬ್ಯಾಗು ಗೋಡೆಗೆ ಒರಗಿ ಕೂತಿತ್ತು. ಅದನ್ನು ಸರಿಸಲು ಬಗ್ಗಿ ಕೈ ಹಾಕಿದವಳು ಹಾಗೇ ಕೂತುಬಿಟ್ಟಳು.

ಅಲ್ಲಿಂದ ಅವಳಿಗೆ ಯಾರೂ ಕಾಣುತ್ತಿರಲಿಲ್ಲ. ಹಾಗಾದರೆ ಯಾರಿಗೂ ಅವಳೂ ಕಾಣುತ್ತಿರಲಿಲ್ಲ.

ಬ್ಯಾಗಿನ ದಪ್ಪ ಅವಳ ಕೈಯಳತೆಯಲ್ಲಿ ಒಂದು ಗೇಣು. ಅವಳು ಬ್ಯಾಗನ್ನು ಸರಿಸಲಿಲ್ಲ. ಟೇಪಿನ ತುದಿಯನ್ನು ಬ್ಯಾಗಿನ ಈಚೆ ಮಗ್ಗುಲಿಗೇ ಒತ್ತಿ ಹಿಡಿದಳು.

"ಹಿಡಿದ್ಯಾ?"

"ಹೂಂ."

"ಗೋಡೆಗೆ ತಾಗಿದ್ಯಾ?"

ಬುಗುರಿ ಗೋಡೆಯ ಕಡೆ ನೋಡಲಿಲ್ಲ. "ಹೂಂ," ಎಂದಳು. ಎರಡನೆಯ ಹೂಂ ಮೊದಲನೆಯದಕ್ಕಿಂತ ಸಣ್ಣದಾಗಿತ್ತು.

ಆಚೆ ಕಡೆಯಿಂದ ಟೇಪು ಬಿಗಿಯಾಯಿತು. ಆಮೇಲೆ ಅತ್ತೆ ಏಳೂ ಮುಕ್ಕಾಲು ಎಂದು ಓದಿದರು. ಕನ್ನಡಕ ಮೇಲೆತ್ತಿ ಇನ್ನೊಮ್ಮೆ ಓದಿದರು. ಆಗಲೂ ಅದು ಏಳೂ ಮುಕ್ಕಾಲೇ. ನೋಡಿದರೆ ಜಾಸ್ತಿ ಇರುವ ಹಾಗೆ ಕಾಣುತ್ತಪ್ಪ ಎಂದು ಗೊಣಗಿದರು. ಕಣ್ಣಳತೆ ನಂಬಬೇಡಿ ಎಂದು ಎಲ್ಲರಿಗೂ ಹೇಳುವವಳು ನಾನೇ, ನಾನೇ ನಂಬಿದೆ ನೋಡಿ ಎಂದು ತಮ್ಮನ್ನೇ ತಾವು ಗದರಿಕೊಂಡರು.

ನಾಲ್ಕು ಬೆರಳು ಸಾಲದು. ಗಂಡ ಗೋಡೆಯನ್ನೇ ನೋಡುತ್ತ, ಮೇಜಿನ ತುದಿಯಲ್ಲಿ ಚೂರು ಕೊಯ್ಸಿದರೆ ಹೇಗೆ ಎಂದು ಮೆಲ್ಲಗೆ ಕೇಳಿದರು. ಹೆಂಡತಿ ಥಟ್ಟನೆ ತಿರುಗಿದರು. ಅವರ ಮುಖ ನೋಡಿ ಗಂಡ, ಬೇಡ ಬಿಡು, ಸುಮ್ಮನೆ ಕೇಳಿದೆ ಎಂದರು.

ಬುಗುರಿ ಮಂಚದ ಹಿಂದಿನಿಂದ ಹೊರಗೆ ಬಂದಳು. ಕೆಲಸ ಆಗಿತ್ತು. ಇಷ್ಟು ಸುಲಭವಾಗಿ ಆಗುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಖುಷಿ ಬರುತ್ತದೆ ಎಂದು ಕಾದಳು. ಅದು ಇನ್ನೂ ಬಂದಿರಲಿಲ್ಲ.

"ಬಾಮ್ಮ ಇಲ್ಲಿ," ಟೈಲರ್ ಹೆಂಡತಿ ಕರೆದರು.

ಗೊತ್ತಾಗಿಹೋಯಿತು ಎಂದುಕೊಂಡಳು ಬುಗುರಿ. ಆದರೆ ಅವರು ನೋಡುತ್ತಿದ್ದದ್ದು ಅವಳ ಫ್ರಾಕಿನ ಗುಂಡಿಯನ್ನು. ಅದು ಒಂದೇ ದಾರದಲ್ಲಿ ಜೋತಾಡುತ್ತಿತ್ತು. ಮಂಚಕ್ಕೆ ಸಿಕ್ಕಿ ಎಳೆದಿರಬೇಕು. ಇದನ್ನು ಹೀಗೇ ಬಿಟ್ಟು ಹೋದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಅವರು ಬಿಸಿಲಿನ ಚಾಪೆಯ ಮೇಲೆ ಕೂತೇಬಿಟ್ಟರು. ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ, ಪರ್ಸಿನಿಂದ ದಾರ ತೆಗೆದು, ಅದರ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಸೂಜಿಯ ಕಣ್ಣಿಗೆ ಹಿಡಿದರು. ದಾರ ಒಳಗೆ ಹೋಯಿತು.

ಅವರು ಸೂಜಿಯನ್ನು ನೋಡಿದರು. ಆಮೇಲೆ ತಲೆಯೆತ್ತಿ ಗಂಡನನ್ನು ನೋಡಿದರು.

"ಒಂದೇ ಸಲಕ್ಕೆ ಹೋಯ್ತು," ಎಂದರು.

ಅಂಗಡಿಯಲ್ಲಿ ಈಗ ಅವರಿಗೆ ದಾರ ಪೋಣಿಸಿಕೊಡುವುದು ತಾನೇ ಎಂದು ಗಂಡ ಅಮ್ಮನಿಗೆ ಹೇಳಿದರು. ಕಪ್ಪು ಬಟ್ಟೆಗೆ ಕಪ್ಪು ದಾರವಾದರೆ ಇಬ್ಬರಿಗೂ ಕಾಣುವುದಿಲ್ಲ, ಬೆರಳಲ್ಲಿ ಸವರಿ ಹೊಲಿಯಬೇಕು.

ಗುಂಡಿ ಹೊಲಿದದ್ದು ಆಯಿತು. ಹೆಂಡತಿ ದಾರ ಕಡಿದು, ಬುಗುರಿಯ ಕೆನ್ನೆ ಮುಟ್ಟಿ, ಏಳುವ ಮೊದಲು ನೆಲದ ಬಿಸಿಲ ಮೇಲೆ ಒಂದು ಸಲ ಅಂಗೈ ಇಟ್ಟರು. ಬೆಳಕು ಚೆನ್ನಾಗಿತ್ತು ಎಂದರು. ಆ ಮಾತು ಬುಗುರಿಗೆ, ಊರಿಗೆ ಹೊರಟವರು ಹೇಳುವ ಮಾತಿನ ಹಾಗೆ ಕೇಳಿಸಿತು.

ಇಷ್ಟು ದೂರ ಬಂದಿದ್ದೀರಿ, ತಾರಸಿಯನ್ನಾದರೂ ನೋಡಿಕೊಂಡು ಹೋಗಿ ಎಂದು ಅಮ್ಮ ಅವರಿಬ್ಬರನ್ನು ಮೇಲೆ ಕರೆದುಕೊಂಡು ಹೋದಳು. ಮೆಟ್ಟಿಲು ನನ್ನ ಮಂಡಿಗೆ ಆಗುವುದಿಲ್ಲ ಎಂದು ಅತ್ತೆ ಕೋಣೆಯಲ್ಲೇ ಉಳಿದರು. ಮಂಚದ ತುದಿಯಲ್ಲಿ ಕೂತು ಬೂಟಿನ ದಾರ ಸಡಿಲ ಮಾಡಿಕೊಂಡರು. ಆ ಕಡೆ ಗುಂಡುಪಿನ್ನು ಕಿಟಕಿಯಲ್ಲಿ ಕೆಂಪು ಟವೆಲ್ ನೇತುಹಾಕುತ್ತಿದ್ದಳು.

"ಅದೇನದು?" ಅತ್ತೆ ಕೇಳಿದರು.

ಬುಗುರಿ ಟವೆಲ್ ಭಾಷೆಯನ್ನು ವಿವರಿಸಿದಳು. ಅತ್ತೆ ಪೂರ್ತಿ ಗಮನ ಕೊಟ್ಟು ಕೇಳಿದರು. ಇದನ್ನು ನಾನು ಯಾರಿಗೂ ತೋರಿಸಿಯೇ ಇಲ್ಲವಲ್ಲ, ಮನೆಯಲ್ಲಿ ಇಂಥದ್ದೂ ಇದೆ ಅಂತ ಗೊತ್ತಿರಲಿಲ್ಲ ಎಂದರು. ಆಮೇಲೆ ಏನನ್ನೋ ನೆನೆಸಿಕೊಂಡು ಒಬ್ಬರೇ ನಕ್ಕರು.

"ಯಾಕೆ ನಗ್ತಿದೀರಾ?"

"ಒಬ್ಬರು ಕಂಡಕ್ಟರು ನೆನಪಾದ್ರು. ನಿಮ್ಮಪ್ಪನ ಹಾಗೆ ಬಸ್ಸಿನವರೇ."

ಅದು ಅತ್ತೆ ಈ ಕೆಲಸಕ್ಕೆ ಹೊಸದಾಗಿ ಸೇರಿದ್ದ ಕಾಲ. ಆ ಕಂಡಕ್ಟರು ಆಗತಾನೇ ರಿಟೈರ್ ಆಗಿದ್ದರು. ಗಂಡ ಹೆಂಡತಿ ಇಬ್ಬರೂ ಮನೆ ನೋಡಲು ಬರುತ್ತಿದ್ದರು. ಬಂದು, ಬಾಗಿಲಲ್ಲಿ ನಿಂತು, ಚೆನ್ನಾಗಿದೆ ಎಂದು ಹೇಳಿ ಹೊರಟುಹೋಗುತ್ತಿದ್ದರು. ಅತ್ತೆಯ ಚಪ್ಪಲಿ ಸವೆಯಿತು. ಜೊತೆಯ ಏಜೆಂಟರೆಲ್ಲ, ಅವರು ಮನೆ ಕೊಳ್ಳುವವರಲ್ಲ, ನಿನ್ನ ಜೊತೆ ವಾಕಿಂಗ್ ಬರುವವರು ಎಂದು ನಗುತ್ತಿದ್ದರು.

ವಯಸ್ಸಾದವರಿಗೆ ಗದ್ದಲ ಆಗುವುದಿಲ್ಲ ಎಂದು ಅತ್ತೆ ಹುಡುಕಿ ಹುಡುಕಿ ಒಳಗಿನ ಬೀದಿಯ ಮನೆಗಳನ್ನೇ ತೋರಿಸುತ್ತಿದ್ದರು. ಒಂದು ದಿನ ತಡೆಯಲಾರದೆ, ನಿಮಗೆ ಬೇಕಾಗಿರುವುದಾದರೂ ಏನು ಎಂದು ಹೆಂಡತಿಯನ್ನು ಒಂದು ಪಕ್ಕಕ್ಕೆ ಕರೆದು ಕೇಳಿದರು. ಅವರು ನಾಚಿಕೊಂಡು ಹೇಳಿದರು. ಈ ಮನುಷ್ಯ ಜೀವನವೆಲ್ಲ ಬಸ್ಸಿನಲ್ಲಿ ನಿಂತವರು, ಸದ್ದಿಲ್ಲದ ಕಡೆ ಅವರಿಗೆ ನಿದ್ದೆಯೇ ಹತ್ತುವುದಿಲ್ಲ.

"ನೋಡು ಮತ್ತೆ. ಅವರಿಗೆ ಬೇಕಾಗಿದ್ದು ಗದ್ದಲ. ನಾನು ಕೇಳಲೇ ಇಲ್ಲ, ಅವರು ಹೇಳಲೇ ಇಲ್ಲ."

ಮೇನ್ ರೋಡಿನಲ್ಲಿ ಯಾರಿಗೂ ಬೇಡವಾಗಿದ್ದ ಒಂದು ಮನೆಯಿತ್ತು. ಅಲ್ಲಿಗೆ ಕರೆದುಕೊಂಡು ಹೋದರೆ, ಬಾಡಿಗೆಗಿದ್ದವರ ಮಗಳು, ಮೊಳದುದ್ದದ ಪೋರಿ, ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತುಬಿಟ್ಟಿದ್ದಳು. ಇದು ನಮ್ಮನೆ, ಬಿಡಲ್ಲ ಎನ್ನುತ್ತಿದ್ದಳು. ಅವಳ ಅಮ್ಮ ಗದರಿದರು, ಅಪ್ಪ ಗದರಿದರು. ಪೋರಿ ಜಗ್ಗಲಿಲ್ಲ. ಆಗ ಕಂಡಕ್ಟರು ಅವಳ ಮುಂದೆ ಮಂಡಿಯೂರಿ ಕೂತು ಕೇಳಿದ್ದು ಒಂದೇ ಮಾತು.

"ಟಿಕೆಟ್ ತಗೊಂಡ್ರೆ ಒಳಗೆ ಬಿಡ್ತೀರಾ ಮೇಡಂ?"

ಬುಗುರಿ ಫಕ್ಕನೆ ನಕ್ಕಳು.

ಹಳೇ ಪೇಪರ್ ಹರಿದು ಪೋರಿ ಎಲ್ಲರಿಗೂ ಟಿಕೆಟ್ ಕೊಟ್ಟಳಂತೆ. ಅತ್ತೆಗೂ ಒಂದು ಕೊಟ್ಟಳಂತೆ. ಟಿಕೆಟ್ ಕೊಟ್ಟ ಮೇಲೆ ಬಸ್ಸು ಬಿಡಲೇಬೇಕಲ್ಲ, ಅವಳೇ ಮುಂದೆ ಮುಂದೆ ನಡೆದು ಮನೆಯನ್ನೆಲ್ಲ ತೋರಿಸಿದಳು. ಯಾವ ಬಾಗಿಲನ್ನು ಎತ್ತಿ ಹಾಕಬೇಕು, ಗುಡುಗು ಬಂದರೆ ಎಲ್ಲಿ ಅಡಗಿ ಕೂರಬೇಕು, ಸೆಖೆಗೆ ನೆಲದ ಯಾವ ಕಲ್ಲು ತಣ್ಣಗಿರುತ್ತದೆ. ರಾತ್ರಿ ಕೊನೇ ಬಸ್ಸು ಹೋಗುವಾಗ ಕಿಟಕಿ ಗಾಜು ಗುಂಯ್ ಎನ್ನುತ್ತದೆ ಎಂದೂ ಹೇಳಿದಳು.

"ಗುಂಯ್ ಅನ್ನುತ್ತಾ ಅಂತ ಆ ಮನುಷ್ಯ ಕೇಳಿದ ರೀತಿ ನೋಡಬೇಕಿತ್ತು ನೀನು. ಯಾರೋ ಕೈಗೆ ಲಡ್ಡು ಕೊಟ್ಟ ಹಾಗೆ." ಅತ್ತೆಯ ಕಣ್ಣು ಕಿಟಕಿಯಾಚೆ ಎಲ್ಲೋ ಇತ್ತು. "ಆಮೇಲೆ ಎಷ್ಟೋ ಮನೆ ತೋರಿಸಿದೀನಿ ಪುಟ್ಟಿ. ಆವತ್ತಿನಷ್ಟು ಚೆನ್ನಾಗಿ ಯಾವತ್ತೂ ತೋರಿಸಿಲ್ಲ. ಆವತ್ತು ತೋರಿಸಿದ್ದು ನಾನಲ್ವಲ್ಲ. ನಾನು ಟಿಕೆಟ್ ಹಿಡ್ಕೊಂಡು ಹಿಂದೆ ಹಿಂದೆ ಹೋದೆ ಅಷ್ಟೇ."

ಬುಗುರಿ ಎದುರಿನ ಕೆಂಪು ಟವೆಲನ್ನು ನೋಡಿದಳು.

"ಅವಳು ಅಳಲಿಲ್ವಾ?"

"ಅಳದೆ ಇರ್ತಾಳಾ. ಸಾಮಾನು ಲಾರಿಗೆ ಹಾಕಿದ ದಿನ ಇಡೀ ರೋಡಿಗೆ ಕೇಳೋ ಹಾಗೆ ಅತ್ತಳು. ಅವಳನ್ನ ನೋಡಿ ಕಂಡಕ್ಟರೂ ಅತ್ತರು. ಅವರ ಹೆಂಡ್ತಿ ಇಬ್ಬರಿಗೂ ಸೇರಿ ಒಂದೇ ಕರ್ಚೀಫು ಕೊಟ್ಟರು."

ಈಗಲೂ ಆ ದಾರಿಯಲ್ಲಿ ಹೋದರೆ ಕಂಡಕ್ಟರು ಕಿಟಕಿಯಲ್ಲಿ ಕೂತಿರುತ್ತಾರಂತೆ. ಅತ್ತೆಯನ್ನು ಕಂಡರೆ ಟಿಕೆಟ್, ಟಿಕೆಟ್ ಎಂದು ಕೂಗುತ್ತಾರಂತೆ. ಮಂಡಿ ನೋವು ಜಾಸ್ತಿಯಾಗಿ, ಇನ್ನು ಈ ಕೆಲಸ ಸಾಕು ಎನಿಸಿದ ದಿನ ಬೇಕೆಂದೇ ಆ ದಾರಿಯಲ್ಲಿ ಸುತ್ತಿಕೊಂಡು ಹೋಗುತ್ತೇನೆ ಎಂದು ಅತ್ತೆ ಹೇಳಿದರು. ಹೇಳಿ, ಬೂಟಿನ ದಾರ ಬಿಗಿ ಮಾಡಿಕೊಂಡರು.

ತಾರಸಿಯಿಂದ ಮಾತು ಕೇಳಿಸುತ್ತಿತ್ತು. ಟೈಲರ್ ಹೆಂಡತಿ ಅಮ್ಮನನ್ನು ಏನೋ ಕೇಳುತ್ತಿದ್ದರು. ಮನೆಯ ಬಗ್ಗೆ ಅಲ್ಲ, ಬೀದಿಯ ಕೊನೆಯಲ್ಲಿರುವ ಯಾವುದೋ ಮರದ ಬಗ್ಗೆ. ಕೊಳ್ಳದ ಮನೆಯ ಬಗ್ಗೆ ಜಾಸ್ತಿ ಕೇಳಬಾರದು ಎಂದು ಅವರು ಅಂದುಕೊಂಡ ಹಾಗಿತ್ತು.

ಬುಗುರಿ ತನ್ನ ಗುಂಡಿಯನ್ನು ಮುಟ್ಟಿ ನೋಡಿದಳು. ಗಟ್ಟಿಯಾಗಿ ಕೂತಿತ್ತು. ಮುಂದೆ ಈ ಕಿಟಕಿಯಲ್ಲಿ ಕೂತು ಯಾರೋ ಒಂದೇ ಸಲಕ್ಕೆ ದಾರ ಪೋಣಿಸುತ್ತಿರುವುದು ಅವಳಿಗೆ ಕಾಣಿಸಿತು. ಅದನ್ನು ನೋಡಬಾರದೆಂದು ಮುಖ ತಿರುಗಿಸಿದಳು. ತಿರುಗಿಸಿದ ಕಡೆ ಮೂಲೆಯಲ್ಲಿ ಬ್ಯಾಗು ಇತ್ತು. ಅದರ ಹಿಂದೆ ಒಂದು ಗೇಣು ಗೋಡೆ, ಅವಳಿಗೆ ಒಬ್ಬಳಿಗೇ ಗೊತ್ತಿರುವಂಥದ್ದು, ಇತ್ತು. ಅಷ್ಟು ಚಿಕ್ಕ ಜಾಗದಲ್ಲಿ ಕೂರಲೂ ಆಗುವುದಿಲ್ಲ, ಮಲಗಲೂ ಆಗುವುದಿಲ್ಲ.

ಮೆಟ್ಟಿಲಿನ ಮೇಲೆ ಹೆಜ್ಜೆ ಸದ್ದಾಯಿತು. ಮೂವರೂ ಕೆಳಗೆ ಬಂದರು. ಗಂಡ ಬಾಗಿಲ ಹತ್ತಿರವೇ ನಿಂತು, ನಿಮಗೆಲ್ಲ ತೊಂದರೆ ಕೊಟ್ಟೆವು, ಬರುತ್ತೇವೆ ಎಂದರು. ಬೇರೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ, ದೇವರಿದ್ದಾನೆ ಎಂದು ಅತ್ತೆ ಎದ್ದು ಬ್ಯಾಗು ಹೆಗಲಿಗೇರಿಸಿದರು.

"ಅತ್ತೆ," ಬುಗುರಿ ಕರೆದಳು. "ಇನ್ನೊಂದ್ಸಲ ಅಳೀರಿ."

"ಯಾಕಮ್ಮ?"

"ನಾನು ಸರಿಯಾಗಿ ಹಿಡಿದಿರಲಿಲ್ಲ."

ಅಮ್ಮ ಬುಗುರಿಯನ್ನು ನೋಡಿದಳು. ಬಾಯಿ ತೆರೆದಳು. ಅತ್ತೆ ಕೈಯನ್ನು ಒಂದಿಷ್ಟು ಎತ್ತಿದರು. ಅಮ್ಮ ಬಾಯಿ ಮುಚ್ಚಿದಳು. ಅತ್ತೆ ಏನೂ ಕೇಳದೆ ಬ್ಯಾಗಿನಿಂದ ಟೇಪು ತೆಗೆದು, ಅದರ ತುದಿಯನ್ನು ಎಳೆದು ಬುಗುರಿಯ ಕೈಗೆ ಕೊಟ್ಟರು.

ಬುಗುರಿ ಮಂಚದ ಹಿಂದೆ ನುಸುಳಿದಳು. ಸ್ಕೂಲ್ ಬ್ಯಾಗನ್ನು ಎರಡೂ ಕೈಯಲ್ಲಿ ಎತ್ತಿ ಮಂಚದ ಮೇಲೆ ಎಸೆದಳು. ಮೂಲೆಯ ಗೋಡೆ ತಣ್ಣಗಿತ್ತು. ಟೇಪಿನ ತುದಿಯನ್ನು ಅದಕ್ಕೆ ಒತ್ತಿ, ಹೆಬ್ಬೆರಳು ಬೆಳ್ಳಗಾಗುವವರೆಗೆ ಹಿಡಿದಳು.

"ತಾಗಿದೆ," ಯಾರೂ ಕೇಳುವ ಮೊದಲೇ ಹೇಳಿದಳು.

ಆ ತುದಿಯಲ್ಲಿ ಅತ್ತೆ ಓದಿದ್ದು ಎಂಟೂ ಕಾಲು. ಜೋರಾಗಿ ಓದಲಿಲ್ಲ, ಕೋಣೆಯಲ್ಲಿ ಎಲ್ಲರಿಗೂ ಕೇಳುವಷ್ಟು ಮಾತ್ರ. ಟೈಲರ್ ಗಂಡ, ಸರಿಹೋಯ್ತು ಕಣೇ ಎಂದು ಹೆಂಡತಿಗೆ ಹೇಳಿದರು. ಮಂಚದ ಅಡಿಯಿಂದ ಬುಗುರಿಗೆ ಹೆಂಡತಿಯ ಪಾದಗಳು ಮಾತ್ರ ಕಂಡವು. ಅವು ಮೆಲ್ಲಗೆ ಬಂದು ಬಿಸಿಲಿನಲ್ಲಿ ನಿಂತವು.

ಬುಗುರಿ ಇನ್ನೂ ಹಿಡಿದುಕೊಂಡೇ ಇದ್ದಳು.

"ಆಯ್ತು ಪುಟ್ಟಿ," ಅತ್ತೆಯ ದನಿ ಆ ಕಡೆಯಿಂದ ಬಂತು. "ಇನ್ನು ಬಿಡು."

ಅವಳು ಬೆರಳು ಸಡಿಲ ಮಾಡಿದಳು. ಟೇಪು ಗೋಡೆಗುಂಟ ಸರ್ರನೆ ಓಡಿ ಅತ್ತೆಯ ಕೈ ಸೇರಿತು.